ಫೋರ್ಟ್ ಕೊಚ್ಚಿಯಲ್ಲಿ ಕೋಟೆ ಎಲ್ಲಿದೆ?

ಪ್ರಶ್ನೆ: ಮಕ್ಕಳ ಜೊತೆ ಫೋರ್ಟ್ ಕೊಚ್ಚಿಗೆ ಹೊರಟಿದ್ದೇವೆ. ಕೋಟೆ ನೋಡೋಕೆ ಎಷ್ಟು ಹೊತ್ತು ಬೇಕು? ಟಿಕೆಟ್ ಇದೆಯಾ?

ಹೊತ್ತೂ ಬೇಡ, ಟಿಕೆಟ್ಟೂ ಬೇಡ. ಅಲ್ಲಿ ಕೋಟೆಯೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ, "ಇದೆ ಸಾರ್, ನಮ್ಮ ಭಾವ ನೋಡ್ಕೊಂಡು ಬಂದಿದ್ದಾರೆ" ಅನ್ನುವವರು ಇದ್ದೇ ಇರುತ್ತಾರೆ. ಸರಿ, ಭಾವನವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ.

ಕೊಚ್ಚಿ ರಾಜನ ಒಪ್ಪಿಗೆ ಪಡೆದು ಪೋರ್ಚುಗೀಸರು 1503ರಲ್ಲಿ ಇಲ್ಲಿ ಮರದ ಕೋಟೆ ಕಟ್ಟಿದರು. ತಮ್ಮ ದೊರೆಯ ಗೌರವಕ್ಕೆ ಇಮ್ಯಾನುಯೆಲ್ ಕೋಟೆ ಅಂತ ಹೆಸರಿಟ್ಟರು. ಆಮೇಲೆ ಅದು ಗಟ್ಟಿ ಗೋಡೆಯ ಕೋಟೆಯಾಯಿತು. 1663ರಲ್ಲಿ ಡಚ್ಚರು ಅದನ್ನು ಗೆದ್ದು, ಅಷ್ಟು ದೊಡ್ಡದು ಬೇಡವೆಂದು ಚಿಕ್ಕದು ಮಾಡಿಕೊಂಡರು. 1795ರಲ್ಲಿ ಬ್ರಿಟಿಷರ ಪಾಲಾಯಿತು. 1806ರಲ್ಲಿ ಆ ಬ್ರಿಟಿಷರೇ ಗೋಡೆ, ಕೊತ್ತಲಗಳನ್ನು ಸಿಡಿಸಿ ಕೆಡವಿದರು. ಅಲ್ಲಿಗೆ ಮುಗಿಯಿತು.

ಹಾಗಾದರೆ ಭಾವ ನೋಡಿದ್ದೇನು? ಬಹುಶಃ ಬಾಸ್ಟಿಯನ್ ಬಂಗಲೆ. ಅದು ಹಳೆಯ ಕೊತ್ತಲವೊಂದರ ಜಾಗದಲ್ಲಿ 1667ರಲ್ಲಿ ಡಚ್ಚರು ಕಟ್ಟಿದ ಮನೆ. ಇಲ್ಲವೇ ದಂಡೆಯಲ್ಲಿ ಉಳಿದಿರುವ ಗೋಡೆಯ ಚೂರು. ಮೀನು ಹಿಡಿಯುವ ಚೀನಾ ಬಲೆಗಳ ಹತ್ತಿರ ತುಕ್ಕು ಹಿಡಿದ ದಪ್ಪನೆಯ ಕಬ್ಬಿಣದ ಸಾಮಾನುಗಳಿವೆ. ಅವು ಫಿರಂಗಿಗಳಲ್ಲ ಮಾರಾಯ್ರೆ, ಹಡಗಿನ ಸರಕು ಎತ್ತುವ ಹಳೆಯ ಕ್ರೇನುಗಳ ಬಾಯ್ಲರುಗಳು! ಅವುಗಳ ಮುಂದೆ ಮೀಸೆ ತಿರುವಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡು ಸುಮ್ನೆ ಮುಂದೆ ಹೋಗಿದ್ದೇನೆ.

ಕೋಟೆ ಹುಡುಕುವ ಹೊತ್ತನ್ನು ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಕೊಡಿ. 1524ರಲ್ಲಿ ಕೊಚ್ಚಿಯಲ್ಲೇ ಸತ್ತ ವಾಸ್ಕೋ ಡ ಗಾಮನನ್ನು ಹೂತಿದ್ದು ಅಲ್ಲಿ. ಅವನ ಅಸ್ಥಿಯನ್ನು ಆಮೇಲೆ ಪೋರ್ಚುಗಲ್‌ಗೆ ಒಯ್ದರು, ಇಲ್ಲಿ ಉಳಿದಿದ್ದು ಸಮಾಧಿಯ ಕಲ್ಲು ಮಾತ್ರ. ತಲೆಯ ಮೇಲೆ ನೇತಾಡುವ, ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಪಂಖಗಳನ್ನು ಮಕ್ಕಳಿಗೆ ತೋರಿಸಿ. ಆ ಕಲ್ಲಿಗಿಂತ ಅವೇ ಅವರಿಗೆ ಜಾಸ್ತಿ ಇಷ್ಟವಾಗುತ್ತವೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹತ್ತಿರದ ಮಟ್ಟಂಚೇರಿಯ ಡಚ್ ಅರಮನೆಯನ್ನು ಡಚ್ಚರು ಕಟ್ಟಿದ್ದಲ್ಲ! ಸುಮಾರು 1555ರಲ್ಲಿ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟರು. ಡಚ್ಚರು ಮಾಡಿದ್ದು ಬರೀ ರಿಪೇರಿ, ಹೆಸರು ಮಾತ್ರ ಅವರದ್ದು. ಒಳಗಿನ ರಾಮಾಯಣದ ಭಿತ್ತಿಚಿತ್ರಗಳಿಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಆದರೆ ಶುಕ್ರವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಪಕ್ಕದ ಯಹೂದಿ ಮಂದಿರಕ್ಕೆ ಶನಿವಾರವೂ ರಜೆ.