ಗಾಳಿಯಲ್ಲಿರುವ ನೀರು

ಮೇ ರಜೆಗೆ ಮುಂಬೈ ಹತ್ತಿರದ ಡೊಂಬಿವಿಲಿಯಿಂದ ವಿಜಯಪುರಕ್ಕೆ ಹೋಗಿದ್ದೆವು. ಎರಡನೇ ವಾರಕ್ಕೆ ಆರು ವರ್ಷದ ಮಗಳ ಸೀನು ನಿಂತೇಹೋಯಿತು. "ಆ ಮುಂಬೈ ನೀರು ಕೂಸಿಗೆ ಒಗ್ಗಂಗಿಲ್ಲ ನೋಡವಾ" ಅಂದರು ಅತ್ತೆ.

ಜೂನ್‌ನಲ್ಲಿ ವಾಪಸು ಬಂದೆವು. ಮಳೆ ಹಿಡಿಯಿತು, ಮತ್ತೆ ಶುರು. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಏಳೆಂಟು ಸೀನು, ಮೂಗಿನಿಂದ ತಿಳಿ ನೀರು. ಜ್ವರ ಇಲ್ಲ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ ಒತ್ತಿ ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಕ್ಕೊಂದು ಸಣ್ಣ ಗೆರೆ ಬಿದ್ದಿತ್ತು. ಡಾಕ್ಟರು ಮೊದಲು ನೋಡಿದ್ದೇ ಆ ಗೆರೆಯನ್ನು. ನೆಗಡಿಯಾದರೆ ಒಂದು ವಾರ, ಹತ್ತು ದಿನಕ್ಕೆ ಇಳಿಯುತ್ತದೆ. ಮೂಗು, ಕಣ್ಣು ತುರಿಸುತ್ತಾ ವಾರಗಟ್ಟಲೆ ಎಳೆದರೆ ಅಲರ್ಜಿ ಇರಬಹುದು ಅನ್ನಬೇಕು.

ಯಾವುದಕ್ಕೆ ಅಲರ್ಜಿ? ಬಹಳ ಮಕ್ಕಳಲ್ಲಿ ಉತ್ತರ ಗಾದಿಯಲ್ಲೇ ಇರುತ್ತದೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುವ ನುಸಿಗಳಿವೆ. ಉದ್ದ ಸುಮಾರು 0.3 ಮಿಲಿಮೀಟರ್, ಬರಿಗಣ್ಣಿಗೆ ಕಾಣುವುದು ಕಷ್ಟ. ಇವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಹೀರಿಕೊಳ್ಳುತ್ತವೆ. ವಿಜಯಪುರದ ಮೇ ತಿಂಗಳ ಒಣ ಗಾಳಿಯಲ್ಲಿ ಒಣಗಿ ಸಾಯುತ್ತವೆ. ಗೋಡೆಯೇ ಬೆವರುವ ಮುಂಬೈ ಮಳೆಗಾಲದಲ್ಲಿ ಹೆಚ್ಚುತ್ತವೆ. ಅತ್ತೆ ಅರ್ಧ ಸರಿಯಾಗಿಯೇ ಹೇಳಿದ್ದರು. ಕಾರಣ ನೀರೇ, ಆದರೆ ಕುಡಿಯುವ ನೀರಲ್ಲ.

ಈ ನುಸಿ ಕಚ್ಚುವುದಿಲ್ಲ. ತೊಂದರೆ ಕೊಡುವುದು ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಕೆಲವು ಮಕ್ಕಳ ಮೈ ಅದನ್ನು ಶತ್ರು ಎಂದು ತಪ್ಪು ತಿಳಿದು, ಐಜಿಇ ಅನ್ನುವ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಮತ್ತೆ ಅದೇ ಧೂಳು ಮೂಗಿಗೆ ಹೋದಾಗ ಅಲ್ಲಿನ ಮಾಸ್ಟ್ ಅನ್ನುವ ರಕ್ಷಣಾ ಕೋಶಗಳು ಹಿಸ್ಟಮೀನ್ ಅನ್ನುವ ರಾಸಾಯನಿಕ ಚೆಲ್ಲುತ್ತವೆ. ಸೀನು, ತುರಿಕೆ, ನೀರು, ಎಲ್ಲ ಅದರದ್ದೇ ಕೆಲಸ.

ನಾವು ಗಾದಿಗೆ, ದಿಂಬಿಗೆ ಒತ್ತಾಗಿ ನೇಯ್ದ ಜಿಪ್ ಕವರ್ ಹಾಕಿಸಿದೆವು. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಲ್ಲಿ ಒಗೆಯುತ್ತೇವೆ. ಕಸ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಇಷ್ಟರಿಂದಲೇ ಗುಣ ಆಗಲಿಲ್ಲ. ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇಯನ್ನು ದಿನ ತಪ್ಪಿಸದೆ ಹಾಕಿದ ಮೇಲೆ ವ್ಯತ್ಯಾಸ ಕಂಡಿತು. ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಸದ್ದು ಇದ್ದರೆ ಆಸ್ತಮಾ ಇದೆಯಾ ಅಂತಲೂ ನೋಡಿಸಬೇಕು.

ನಾನೊಂದು ತಪ್ಪು ಮಾಡಿದ್ದೆ. ಯಾರ್ಯಾರದೋ ಮಾತು ಕೇಳಿ ಮೊಸರು, ಬಾಳೆಹಣ್ಣು, ಶೇಂಗಾ ಎಲ್ಲ ಸುಮ್ನೆ ನಿಲ್ಲಿಸಿದ್ದೆ. ಬೆಳೆಯುವ ಮಗುವಿನ ತಟ್ಟೆಯಿಂದ ಹೀಗೆ ತೆಗೆಯಬಾರದು. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನ ನನ್ನ ಕಣ್ಣು ತೆರೆಸಿತು. ಜೋರು ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಹಸುಗೂಸುಗಳನ್ನು ಬ್ರಿಟನ್ನಿನಲ್ಲಿ ಎರಡು ಗುಂಪು ಮಾಡಿದರು. ಶೇಂಗಾ ದೂರವಿಟ್ಟ ಗುಂಪಿನಲ್ಲಿ ಐದು ವರ್ಷಕ್ಕೆ 100ಕ್ಕೆ ಸುಮಾರು 17 ಮಕ್ಕಳಿಗೆ ಶೇಂಗಾ ಅಲರ್ಜಿ ಬಂದಿತ್ತು. ಮೊದಲಿಂದ ತಿನ್ನಿಸಿದ ಗುಂಪಿನಲ್ಲಿ ಸುಮಾರು 3. ಇಂಥ ಕೂಸುಗಳಿಗೆ ಶೇಂಗಾ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಬೇಕು. ಇಡೀ ಬೀಜ ಗಂಟಲಲ್ಲಿ ಸಿಕ್ಕೀತು, ನುಣ್ಣಗೆ ಅರೆದೇ ಕೊಡಬೇಕು.

ಅಲರ್ಜಿ ಇದೆ ಎಂದು ಖಚಿತವಾದ ಮಗುವಿನ ಮಾತು ಬೇರೆ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಹುಡುಗನಿಗೆ ಶೇಂಗಾ ಆಗುವುದಿಲ್ಲ. ಏಕಾದಶಿ ದಿನ ಪಕ್ಕದ ಮನೆಯ, ಶೇಂಗಾ ಪುಡಿ ಹಾಕಿದ ಸಾಬೂದಾಣಾ ಖಿಚಡಿ ಎರಡು ಚಮಚ ತಿಂದಿದ್ದ. ಹತ್ತು ನಿಮಿಷದಲ್ಲಿ ಮೈತುಂಬ ದದ್ದು, ತುಟಿ ಊತ, ವಾಂತಿ, ಉಸಿರು ಕಟ್ಟಿದ ಹಾಗೆ. ಇಂಥ ಹೊತ್ತಲ್ಲಿ ಅಲರ್ಜಿ ಮಾತ್ರೆ ನುಂಗಿಸಿ ಕಾಯಬಾರದು. ಬೇಕಾದದ್ದು ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಇಂಜೆಕ್ಷನ್, ಅದೂ ತಡಮಾಡದೆ. 108ಕ್ಕೆ ಫೋನ್ ಮಾಡಿ. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಬೇಡಿ. ಆ ಹುಡುಗನಿಗೆ ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಸಿಕ್ಕಿತು.

ಈಗ ಅವನ ಅಮ್ಮ ಶಾಲೆಯ ಚೀಲದಲ್ಲಿ ಮರಾಠಿಯಲ್ಲಿ ಬರೆದ ಚೀಟಿ ಇಟ್ಟಿದ್ದಾಳೆ. ಟೀಚರ್‌ಗೆ, ವ್ಯಾನ್ ಕಾಕಾನಿಗೆ ತೋರಿಸಲು. ಬರೀ "ಶೇಂಗಾ ಬೇಡ" ಅಂದರೆ ಯಾರೂ ಪುಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಅದಕ್ಕೇ ಮೊದಲ ಸಾಲೇ ಇದು: "ದಾಣ್ಯಾಚಾ ಕೂಟ್ ಪಣ್ ನಕೋ." ಶೇಂಗಾ ಪುಡಿಯೂ ಬೇಡ.