ಬಟರ್‌ವರ್ತ್ ಅವರ ‘ಈಸ್ ಮೈ ಟೀಮ್ ಪ್ಲೋಯಿಂಗ್’: ಒಂದೇ ಕಂಠದಲ್ಲಿ ಇಬ್ಬರು

ಜಾರ್ಜ್ ಬಟರ್‌ವರ್ತ್ (1885–1916) ಅವರು ಎ. ಇ. ಹೌಸ್‌ಮನ್ ಅವರ ‘ಎ ಶ್ರಾಪ್‌ಷೈರ್ ಲ್ಯಾಡ್’ (1896) ಸಂಕಲನದ ಆರು ಕವಿತೆಗಳಿಗೆ ಕಂಠ ಮತ್ತು ಪಿಯಾನೊಗಾಗಿ ಮಾಡಿದ ಸಂಯೋಜನೆ 1911ರಲ್ಲಿ ಪ್ರಕಟವಾಯಿತು. ಈ ಹಾಡು ಅದರಲ್ಲಿ ಕೊನೆಯದು. ಸತ್ತವನೊಬ್ಬ ತನ್ನ ಉಳುಮೆಯ ಕುದುರೆಗಳು, ಊರಿನ ಫುಟ್‌ಬಾಲ್ ಆಟ, ತನ್ನ ಹುಡುಗಿ ಮತ್ತು ಗೆಳೆಯನ ಬಗ್ಗೆ ಒಂದೊಂದಾಗಿ ವಿಚಾರಿಸುತ್ತಾನೆ. ಬದುಕಿರುವ ಆ ಗೆಳೆಯನೇ ಉತ್ತರಿಸುತ್ತಾನೆ.

ಹಾಡುವವನು ಒಬ್ಬನೇ ಆದ್ದರಿಂದ ಇಬ್ಬರನ್ನೂ ಬೇರ್ಪಡಿಸುವ ಕೆಲಸ ಸಂಗೀತದ್ದು. ಪ್ರಶ್ನೆಗಳು ಬಹಳ ಮೆಲ್ಲಗೆ, ಲಯದ ಬಿಗಿಯಿಲ್ಲದೆ ಬರುತ್ತವೆ. ಉತ್ತರಗಳು ಗಟ್ಟಿಯಾಗಿ, ತುಸು ವೇಗವಾಗಿ ಬರುತ್ತವೆ. ಇಷ್ಟು ಕೇಳಿದೊಡನೆ ತಿಳಿಯುತ್ತದೆ. ಸತ್ತವನ ದನಿಗೆ ನೆಲವೇ ಇಲ್ಲವೆನ್ನಿಸುವುದು ಏಕೆ ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು.

ಅಲ್ಲಿ ಪಿಯಾನೊ ಏಳನೆಯ ಸ್ವರ ಸೇರಿದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ನುಡಿಸುತ್ತ ಕೆಳಗಿಳಿಯುತ್ತದೆ. ಸ-ಗ-ಪ ಒಟ್ಟಿಗೆ ನುಡಿದರೆ ಕಿವಿಗೆ ನೆಮ್ಮದಿ. ಮೇಲೆ ನಿ ಸೇರಿದರೆ ಅದು ಸ ಜೊತೆ ತಿಕ್ಕಾಡುತ್ತದೆ, ಮುಂದಿನ ಕಾರ್ಡಿನಲ್ಲಿ ಈ ತಿಕ್ಕಾಟ ತೀರಲೆಂದು ಕಿವಿ ಕಾಯುತ್ತದೆ. ನಮ್ಮಂತೆ ತಂಬೂರಿಯ ಶ್ರುತಿಗೆ ಒಗ್ಗಿದವರು ತೊಡಕಿಗೆ ಸಿಕ್ಕುವುದು ಇಲ್ಲೇ: ಪ್ರತಿ ಕಾರ್ಡಿಗೂ ಅದರದೇ ಆಧಾರ ಸ್ವರ ಇರುತ್ತದೆ, ಮತ್ತು ತಿಕ್ಕಾಟವನ್ನು ಅಳೆಯಬೇಕಾದದ್ದು ಹಾಡಿನ ಷಡ್ಜದಿಂದಲ್ಲ, ಆ ಆಧಾರದಿಂದ. ಶಂಕರಾಭರಣದ ಸ್ವರಗಳಲ್ಲಿ ಸ-ಗ-ಪ-ನಿ, ಅದರ ಕೆಳಗೆ ನಿ-ರಿ-ಮ-ದ, ಇನ್ನೂ ಕೆಳಗೆ ದ-ಸ-ಗ-ಪ ಎಂದು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ (ಇವು ಹಾಡಿನ ಸ್ವರಗಳಲ್ಲ, ಅಭ್ಯಾಸಕ್ಕೆ ಮಾತ್ರ). ಎರಡನೆಯದರಲ್ಲಿ ಆಧಾರ ನಿ, ತಿಕ್ಕಾಡುವುದು ದ. ಮೂರನೆಯದರಲ್ಲಿ ಆಧಾರ ದ, ತಿಕ್ಕಾಡುವುದು ಪ. ಒಂದರ ಅಶಾಂತಿ ತೀರುವ ಮೊದಲೇ ಅಂಥದೇ ಇನ್ನೊಂದು ಬಂದು ನಿಲ್ಲುವುದರಿಂದ ಕಿವಿಯ ಕಾಯುವಿಕೆಗೆ ಕೊನೆಯಿಲ್ಲ. ಇದು ಬೆರಳಿಗೆ ಹತ್ತಿದರೆ ಅರ್ಧ ಹಾಡು ಅರ್ಥವಾದಂತೆ ಎಂಬುದು ನನ್ನ ಅಭಿಪ್ರಾಯ.

ಗೆಳೆಯನ ಕೊನೆಯ ಉತ್ತರವೂ ಗಟ್ಟಿಯಾಗಿಯೇ ಶುರುವಾಗುತ್ತದೆ. ಆದರೆ ತಾನು ಸತ್ತವನೊಬ್ಬನ ಪ್ರಿಯತಮೆಯನ್ನು ಸಂತೈಸುತ್ತಿರುವುದಾಗಿ ಹೇಳಿ, ಯಾರವಳೆಂದು ಕೇಳಬೇಡವೆನ್ನುವ ಹೊತ್ತಿಗೆ ದನಿ ತಗ್ಗಿ, ವೇಗವೂ ಕುಂದಿರುತ್ತದೆ. ಅಷ್ಟು ಹೊತ್ತು ಸತ್ತವನಿಗೆ ಮೀಸಲಾಗಿದ್ದ ಮೆಲುದನಿ ಈಗ ಇವನದಾಗಿದೆ. ತಪ್ಪಿತಸ್ಥ ಭಾವವನ್ನು ಗಾಯಕ ಬೇರೆಯಾಗಿ ಅಭಿನಯಿಸುವ ಅಗತ್ಯವೇ ಇಲ್ಲ.

ಇದೇ ಕವಿತೆಗೆ ರಾಲ್ಫ್ ವಾನ್ ವಿಲಿಯಮ್ಸ್ ಅವರು 1909ರಲ್ಲಿ ಟೆನರ್ ಕಂಠ (ಗಂಡಸಿನ ಎತ್ತರದ ದನಿ), ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳಿಗಾಗಿ ಸಂಗೀತ ಕೊಟ್ಟಾಗ ಫುಟ್‌ಬಾಲಿನ ಎರಡು ಪದ್ಯಗಳನ್ನು ಕೈಬಿಟ್ಟಿದ್ದು ಹೌಸ್‌ಮನ್ ಅವರಿಗೆ ಹಿಡಿಸಲಿಲ್ಲ. ಬಟರ್‌ವರ್ತ್ ಎಂಟೂ ಪದ್ಯಗಳನ್ನು ಉಳಿಸಿಕೊಂಡರು. ಹೀಗಾಗಿ ಅವರ ಹಾಡಿನಲ್ಲಿ ದನಿ ಏಳು ಸಲ ಬದಲಾಗಬೇಕು, ಮತ್ತು ಉಸಿರಿನ ಅಭ್ಯಾಸವನ್ನು ಆ ಏಳು ತಿರುವುಗಳಿಂದಲೇ ಶುರುಮಾಡುವುದು ಒಳ್ಳೆಯದು.