ಅಗ್ಗದ ವಾರ್‌ಗೇಮ್‌ನಲ್ಲಿ ನಿಜವಾದ ಯುದ್ಧ ಸಿಗುತ್ತಾ?

ಪ್ರಶ್ನೆ: ಹಳೆಯ ಯುದ್ಧಗಳ ಬಗ್ಗೆ ಓದುವುದೆಂದರೆ ನನಗೆ ಇಷ್ಟ. ಕಂಪ್ಯೂಟರ್‌ನಲ್ಲಿ ಸರದಿ ಪ್ರಕಾರ ಆಡುವ ವಾರ್‌ಗೇಮ್‌ಗಳು ಕಡಿಮೆ ಬೆಲೆಗೆ ಬೇಕಾದಷ್ಟು ಸಿಗುತ್ತವೆ. ಆದರೆ ಚಿತ್ರ ನೋಡಿದರೆ 20 ವರ್ಷ ಹಿಂದಿನ ಗೇಮ್ ಥರ ಕಾಣುತ್ತವೆ. ಇವುಗಳಲ್ಲಿ ನಿಜವಾದ ಯುದ್ಧ ಅರ್ಥ ಆಗುತ್ತಾ? ದುಡ್ಡು ಹಾಕುವ ಮುಂಚೆ ಹೇಗೆ ಪರೀಕ್ಷೆ ಮಾಡುವುದು?

ಉತ್ತರ: ಒಳ್ಳೆಯ ಗೇಮ್ ಆದರೆ ಖಂಡಿತ ಅರ್ಥ ಆಗುತ್ತದೆ. ಅಲ್ಲಿ ನಿಮಗೆ ಸಿಗುವುದು ಸೇನಾಪತಿಯ ತಲೆನೋವು. ಆ ದಿನ ಆತ ಯಾವ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದನೋ, ಗೇಮ್ ನಿಮ್ಮನ್ನೂ ಅದೇ ಇಕ್ಕಟ್ಟಿಗೆ ತಂದು ನಿಲ್ಲಿಸುತ್ತದಾ? ನಾನು ಯಾವ ವಾರ್‌ಗೇಮನ್ನಾದರೂ ಅಳೆಯುವುದು ಇದೊಂದೇ ಪ್ರಶ್ನೆಯಿಂದ. ಚಿತ್ರ, ಸದ್ದು, ಬೆಲೆ ಎಲ್ಲ ಆಮೇಲೆ.

ಚಿತ್ರಗಳು ಯಾಕೆ ಅಷ್ಟು ಸಾದಾ ಅಂತ ಮೊದಲು ಹೇಳಿಬಿಡುತ್ತೇನೆ. ಈ ಗೇಮ್‌ಗಳು ಬೋರ್ಡ್ ಮೇಲೆ ಕಾಯಿ ನಡೆಸುವ ಆಟದಿಂದ ಬಂದವು. ಅವಲಾನ್ ಹಿಲ್ ಎಂಬ ಕಂಪನಿ 1958ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕಾಳಗದ ಬೋರ್ಡ್ ಗೇಮ್ ತಂದಿತು. ಅದರಲ್ಲಿ ಚೌಕದ ಮನೆಗಳಿದ್ದವು. 1961ರಲ್ಲಿ ಅದೇ ಆಟವನ್ನು ಆರು ಮೂಲೆಯ ಮನೆಗಳೊಂದಿಗೆ ಮತ್ತೆ ತಂದರು. ಚೌಕದ ಮನೆಗಳಲ್ಲಿ ಓರೆಯಾಗಿ ನಡೆದರೆ ದೂರ ಜಾಸ್ತಿ ಆಗುತ್ತದೆ. ಆರು ಮೂಲೆಯ ಮನೆಯಲ್ಲಿ ಸುತ್ತಲಿನ ಆರೂ ಮನೆಗಳು ಒಂದೇ ದೂರದಲ್ಲಿ ಇರುತ್ತವೆ. ಆಗಿನಿಂದ ಈ ಜೇನುಗೂಡಿನ ನಕ್ಷೆ ಹಾಗೇ ಉಳಿದಿದೆ. ಇಂಥ ಗೇಮ್‌ಗಳನ್ನು ಎಷ್ಟೋ ಸಲ ಬೆರಳೆಣಿಕೆಯ ಜನ ಸೇರಿ ಮಾಡುತ್ತಾರೆ. ಅವರ ಶ್ರಮವೆಲ್ಲ ನಕ್ಷೆ, ಸೈನ್ಯದ ಲೆಕ್ಕ ಮತ್ತು ನಿಯಮಗಳಿಗೆ ಹೋಗುತ್ತದೆ. ಹಾಗಾಗಿ ಬೆಲೆ ಕಡಿಮೆ ಅಂದ ಮಾತ್ರಕ್ಕೆ ಆಟ ಜೊಳ್ಳು ಅಂದುಕೊಳ್ಳಬೇಡಿ.

ಈಗ ಇಕ್ಕಟ್ಟಿನ ಮಾತಿಗೆ ಬರುತ್ತೇನೆ. 1863ರ ಜುಲೈ 1, ಗೆಟ್ಟಿಸ್‌ಬರ್ಗ್‌ನ ಮೊದಲ ದಿನ. ದಕ್ಷಿಣದ ಸೈನ್ಯ ಉತ್ತರದವರನ್ನು ಊರೊಳಗಿಂದ ಹಿಂದಕ್ಕೆ ತಳ್ಳಿತು. ಅವರು ಹೋಗಿ ಸೆಮೆಟರಿ ಹಿಲ್ ಎಂಬ ಗುಡ್ಡ ಹತ್ತಿ ನಿಂತರು. ದಕ್ಷಿಣದ ಸೇನಾಪತಿ ಲೀ ತನ್ನ ಕೈಕೆಳಗಿನ ಯೂವೆಲ್‌ಗೆ, ಸಾಧ್ಯವಾದರೆ ಆ ಗುಡ್ಡ ಹಿಡಿ ಎಂದು ಹೇಳಿ ಕಳಿಸಿದ. ಯೂವೆಲ್ ದಾಳಿ ಮಾಡಲಿಲ್ಲ. ಮುಂದಿನ ಎರಡು ದಿನ ದಕ್ಷಿಣದವರು ಅಲ್ಲಿನ ಎತ್ತರದ ಜಾಗಗಳಿಗಾಗಿ ಹೋರಾಡಿ ಸೋತರು. ಕೊನೆಯ ದಿನ ಸುಮಾರು 12,500 ಜನ ಬಯಲಿನಲ್ಲಿ ನಡೆದುಹೋಗಿ ದಾಳಿ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಪುಸ್ತಕ ಓದುವಾಗಲೆಲ್ಲ ನನಗೆ ಯೂವೆಲ್ ಮೇಲೆ ಸಿಟ್ಟು ಬರುತ್ತಿತ್ತು. ಗುಡ್ಡ ಕಣ್ಣೆದುರೇ ಇತ್ತು, ಹತ್ತಬಾರದಿತ್ತಾ ಅಂತ.

ಆಮೇಲೆ ಅದೇ ಸಂಜೆಯನ್ನು ಗೇಮ್‌ನಲ್ಲಿ ಆಡಿದೆ. ಊರು ದಾಟುವ ಹೊತ್ತಿಗೆ ನನ್ನ ಬ್ರಿಗೇಡ್‌ಗಳು ಚದುರಿಹೋಗಿದ್ದವು. ಅರ್ಧದಷ್ಟು ಕಾಯಿಗಳ ಮೇಲೆ ಆಯಾಸದ ಗುರುತು. ಬೀದಿಗಳಲ್ಲಿ ಸಾಲು ಕಟ್ಟಲು ಆಗಲಿಲ್ಲ. ತೋಪುಗಳಿಗೆ ಸರಿಯಾದ ಜಾಗ ಸಿಗಲಿಲ್ಲ. ಕತ್ತಲಾಗಲು ಕೆಲವೇ ಸರದಿ ಉಳಿದಿದ್ದವು. ಗುಡ್ಡದ ಮೇಲೆ ಎಷ್ಟು ಜನ ಇದ್ದಾರೆ ಅನ್ನುವುದೂ ಕಾಣುತ್ತಿರಲಿಲ್ಲ. ಎರಡು ಸಲ ದಾಳಿ ಮಾಡಿದೆ, ಎರಡೂ ಸಲ ಕುಸಿದೆ. ಯೂವೆಲ್ ಮಾಡಿದ್ದು ಸರಿಯೇ ತಪ್ಪೇ ಎಂದು ಇತಿಹಾಸಕಾರರು ಇನ್ನೂ ವಾದ ಮಾಡುತ್ತಾರೆ. ನನ್ನ ಸಿಟ್ಟು ಮಾತ್ರ ಆ ಸಂಜೆ ಇಳಿದುಹೋಯಿತು. ಗೇಮ್ ನನಗೆ ಅಷ್ಟು ಕೊಟ್ಟರೆ ಸಾಕು.

ಈ ಥರದ ದೊಡ್ಡ ಗೇಮ್‌ಗಳಿಗೆ ಜಾನ್ ಟಿಲ್ಲರ್ ಹೆಸರುವಾಸಿ. 1990ರ ದಶಕದಿಂದ 2021ರಲ್ಲಿ ತೀರಿಕೊಳ್ಳುವವರೆಗೂ ಆತ ಇದೇ ಕೆಲಸ ಮಾಡಿದ. ಈಗ ಆ ಗೇಮ್‌ಗಳನ್ನು ವಾರ್‌ಗೇಮ್ ಡಿಸೈನ್ ಸ್ಟುಡಿಯೋ ನೋಡಿಕೊಳ್ಳುತ್ತದೆ. ಬಿಟ್ಟಿ ಡೆಮೊಗಳನ್ನೂ ಕೊಡುತ್ತದೆ. ದುಡ್ಡು ಹಾಕುವ ಮುಂಚೆ ಅದನ್ನು ಆಡಿ ನೋಡಿ. ಕಾಯಿಗಳು ನೂರಾರು, ಒಂದು ಸರದಿ ಮುಗಿಸಲೇ ಬಹಳ ಹೊತ್ತು ಹಿಡಿಯುತ್ತದೆ. ತಾಳ್ಮೆ ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹೊಸಬರು ಅಲ್ಲಿಂದ ಶುರು ಮಾಡುವುದು ಬೇಡ. 2011ರ ಯೂನಿಟಿ ಆಫ್ ಕಮಾಂಡ್ ಚೆನ್ನಾಗಿದೆ. ವಿಷಯ 1942-43ರ ಸ್ಟಾಲಿನ್‌ಗ್ರಾಡ್ ಕಡೆಯ ಯುದ್ಧ. ಕಾಯಿಗಳು ಕಡಿಮೆ, ನಿಯಮಗಳು ಬೇಗ ತಲೆಗೆ ಹತ್ತುತ್ತವೆ. ಇಡೀ ಆಟ ನಿಂತಿರುವುದು ಒಂದೇ ವಿಷಯದ ಮೇಲೆ: ಸಪ್ಲೈ. ರೈಲು ದಾರಿಯಿಂದ ಸಾಮಾನು ಬರಬೇಕು. ಶತ್ರು ನಡುವೆ ಬಂದು ನಿಂತರೆ ಆ ದಾರಿ ಕಡಿಯುತ್ತದೆ. ಸಾಮಾನು ಸಿಗದ ಪಡೆ ಪ್ರತಿ ಸರದಿಗೂ ಸೊರಗುತ್ತಾ ಹೋಗುತ್ತದೆ, ಕೊನೆಗೆ ಎಷ್ಟು ದೊಡ್ಡ ಪಡೆಯಾದರೂ ಕೈಲಾಗದೆ ನಿಲ್ಲುತ್ತದೆ. ನಿಜವಾದ ಯುದ್ಧದಲ್ಲಿ ಆಗಿದ್ದೂ ಇದೇ. 1942ರ ನವೆಂಬರ್ 19ರಂದು ಸೋವಿಯತ್ ಸೈನ್ಯ ಸ್ಟಾಲಿನ್‌ಗ್ರಾಡ್ ಊರನ್ನು ಬಿಟ್ಟು ಅದರ ಪಕ್ಕದಲ್ಲಿ, ರೊಮೇನಿಯಾದ ಪಡೆಗಳಿದ್ದ ಕಡೆ ಹೊಡೆಯಿತು. ಮರುದಿನ ಇನ್ನೊಂದು ಪಕ್ಕದಿಂದಲೂ ಹೊಡೆತ ಬಿತ್ತು. 23ರಂದು ಎರಡೂ ಕಡೆಯವರು ಕಲಾಚ್ ಹತ್ತಿರ ಕೂಡಿದರು. ಜರ್ಮನಿಯ 6ನೇ ಸೈನ್ಯ ಒಳಗೆ ಸಿಕ್ಕಿಬಿತ್ತು. ಊರಿನ ಮೇಲೆ ನೇರವಾಗಿ ಯಾಕೆ ಹೊಡೆಯಲಿಲ್ಲ ಅನ್ನುವುದು ಈ ಗೇಮ್ ಆಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ದೂರು ಇದೆ. ಸರದಿಗಳ ಮಿತಿ ತುಂಬಾ ಬಿಗಿ. ಕೆಲವು ಕಡೆ ಯುದ್ಧಕ್ಕಿಂತ ಒಗಟು ಬಿಡಿಸಿದ ಹಾಗೆ ಅನ್ನಿಸುತ್ತದೆ.

ಸರದಿಯ ಮಿತಿ ಇರಲೇಬೇಕಾದ ಯುದ್ಧಗಳೂ ಇವೆ. 1815ರ ಜೂನ್ 18, ವಾಟರ್‌ಲೂ. ಹಿಂದಿನ ರಾತ್ರಿ ಮಳೆ ಹೊಯ್ದು ನೆಲ ಕೆಸರಾಗಿತ್ತು. ನೆಪೋಲಿಯನ್ ದಾಳಿ ಶುರು ಮಾಡಿದ್ದು ಹೆಚ್ಚುಕಡಿಮೆ 11:30ಕ್ಕೆ. ಸಂಜೆ 4:30ರ ಸುಮಾರಿಗೆ ಬ್ರಿಟಿಷರ ನೆರವಿಗೆ ಪ್ರಷ್ಯಾದವರು ಅವನ ಬಲಗಡೆ ಬಂದು ಹೊಡೆದರು. ಗೇಮ್‌ನಲ್ಲಿ ಒಂದು ಸರದಿ ಅಂದರೆ ಅರ್ಧ ಗಂಟೆ ಅಂದುಕೊಳ್ಳಿ. ನೆಪೋಲಿಯನ್ ಆಗಿ ನಿಮ್ಮ ಕೈಯಲ್ಲಿ ಇರುವುದು 10 ಸರದಿ, ಅಷ್ಟೇ. ಇಂಥ ಗೇಮ್ ಸಿಕ್ಕರೆ ಮೊದಲು ಎರಡು ವಿಷಯ ನೋಡಿ. ಕೆಸರಿನಲ್ಲಿ ತೋಪು ಎಳೆಯುವುದು ನಿಧಾನ ಆಗುತ್ತದಾ? ಪ್ರಷ್ಯಾದವರು ಹೊತ್ತಿಗೆ ಸರಿಯಾಗಿ ಬರುತ್ತಾರಾ? ಎರಡೂ ಇಲ್ಲವೆಂದರೆ ಅದಕ್ಕೆ ವಾಟರ್‌ಲೂ ಅಂತ ಹೆಸರಿಟ್ಟಿದ್ದಾರೆ, ಅಷ್ಟೇ. ಅದನ್ನು ಬಿಟ್ಟುಬಿಡಿ.

ಪ್ರಾಚೀನ ಕಾಲ ಇಷ್ಟವಿದ್ದರೆ 2017ರ ಫೀಲ್ಡ್ ಆಫ್ ಗ್ಲೋರಿ 2 ನೋಡಿ. ಇಲ್ಲಿ ಸಾವಿನ ಲೆಕ್ಕಕ್ಕಿಂತ ಧೈರ್ಯದ ಲೆಕ್ಕ ದೊಡ್ಡದು. ಒಂದು ಪಡೆ ಮೊದಲು ಅಲುಗಾಡುತ್ತದೆ, ಆಮೇಲೆ ಒಡೆಯುತ್ತದೆ, ಆಮೇಲೆ ಓಡುತ್ತದೆ. ಗೆದ್ದ ನಿಮ್ಮ ಕುದುರೆಪಡೆಯೂ ಓಡುವವರ ಬೆನ್ನು ಹತ್ತಿ ನಿಮ್ಮ ಮಾತು ಮೀರಿ ಹೋಗಿಬಿಡಬಹುದು. ಮೊದಲ ಸಲ ಹೀಗಾದಾಗ ಆಟದಲ್ಲೇ ದೋಷ ಇದೆ ಅನ್ನಿಸುತ್ತದೆ. ಕ್ರಿ.ಪೂ. 217ರಲ್ಲಿ ರಾಫಿಯಾ ಯುದ್ಧದಲ್ಲಿ ಮೂರನೇ ಆಂಟಿಯೋಕಸ್ ಎಂಬ ರಾಜ ಹೀಗೆಯೇ ಬೆನ್ನಟ್ಟಿಕೊಂಡು ದೂರ ಹೋದ. ತಿರುಗಿ ನೋಡುವಷ್ಟರಲ್ಲಿ ಅವನ ಕಾಲಾಳುಗಳು ಸೋತಿದ್ದರು.

ಒಂದು ಪೈಸೆಯೂ ಬೇಡ ಅನ್ನುವವರಿಗೆ ಎಲ್‌ಜನರಲ್ ಇದೆ. 1994ರ ಪ್ಯಾಂಜರ್ ಜನರಲ್ ಮಾದರಿಯಲ್ಲಿ ಮಾಡಿದ ಬಿಟ್ಟಿ ಗೇಮ್. ಕಾಯಿ ನಡೆಸುವುದು, ಮನೆ ಹಿಡಿಯುವುದು ರೂಢಿ ಆಗಲು ತುಂಬಾ ಒಳ್ಳೆಯದು. ಇತಿಹಾಸ ಕಲಿಯಲು ಅಷ್ಟಾಗಿ ಅಲ್ಲ. ಮೂಲ ಪ್ಯಾಂಜರ್ ಜನರಲ್‌ನಲ್ಲಿ ಚೆನ್ನಾಗಿ ಗೆಲ್ಲುತ್ತಾ ಹೋದರೆ ಜರ್ಮನ್ ಟ್ಯಾಂಕ್‌ಗಳು ವಾಷಿಂಗ್ಟನ್‌ವರೆಗೂ ಹೋಗುತ್ತವೆ!

ಕೊಳ್ಳುವಾಗ ಮೂಲ ಗೇಮ್ ಮಾತ್ರ ಕೊಳ್ಳಿ. ಹೆಚ್ಚುವರಿ ಪ್ಯಾಕ್‌ಗಳು ರಿಯಾಯಿತಿಯಲ್ಲಿ ಕಣ್ಣು ಸೆಳೆಯುತ್ತವೆ, ಆದರೆ ಮೂಲದಲ್ಲಿರುವ ಯುದ್ಧಗಳೇ ಬಹಳ ದಿನಕ್ಕೆ ಸಾಕಾಗುತ್ತವೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಆಡಿದ ಸಮಯ 2 ಗಂಟೆ ದಾಟದಿದ್ದರೆ, ದುಡ್ಡು ವಾಪಸ್ ಕೇಳಬಹುದು. ಗೇಮ್ ಸುಮ್ನೆ ತೆರೆದಿಟ್ಟು ಯೋಚನೆ ಮಾಡುತ್ತಾ ಕೂತ ಹೊತ್ತೂ ಆ ಲೆಕ್ಕಕ್ಕೆ ಸೇರುತ್ತದೆ. ಸರದಿ ಆಟದಲ್ಲಿ ಹಾಗೆ ಕೂರುವುದೇ ಜಾಸ್ತಿ ಅಲ್ವಾ? ಅದಕ್ಕೇ ಕೈಪಿಡಿಯನ್ನು ಗೇಮ್ ಮುಚ್ಚಿಟ್ಟು ಓದಿ. ಆಮೇಲೆ ಪಾಠದ ಹಂತ ಮತ್ತು ಒಂದು ಚಿಕ್ಕ ಯುದ್ಧ ಆಡಿ ಮುಗಿಸಲು 2 ಗಂಟೆ ಸಾಕು.

ಆ ಮೊದಲ ಯುದ್ಧ ನೀವು ಓದಿ ಬಲ್ಲ ಯುದ್ಧವೇ ಆಗಿರಲಿ. ಶತ್ರು ಕಣ್ಣಿಗೆ ಬಿದ್ದಾಗ ಮಾತ್ರ ಕಾಣುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಕಂಪ್ಯೂಟರ್ ಸಾಮಾನ್ಯವಾಗಿ ದಾಳಿ ಮಾಡುವುದರಲ್ಲಿ ಹಿಂದೆ, ಜಾಗ ಕಾಯುವುದರಲ್ಲಿ ಪರವಾಗಿಲ್ಲ. ಹಾಗಾಗಿ ದಾಳಿಯ ಕಡೆ ನೀವು ತೆಗೆದುಕೊಳ್ಳಿ. ಮುಗಿದ ಮೇಲೆ ಅದೇ ಯುದ್ಧವನ್ನು ಇನ್ನೊಂದು ಕಡೆಯಿಂದ ಆಡಿ. ಕ್ರಿ.ಪೂ. 216ರ ಕ್ಯಾನೇ ಸಿಕ್ಕರೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ರೋಮನ್ನರನ್ನು ಸುತ್ತುವರಿದು ಸೋಲಿಸಿದ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಆಗಿ ಆಡುವಾಗ ನಡುವಿನ ಸಾಲು ಹಿಂದೆ ಸರಿಯುತ್ತಾ ಹೋದರೂ ಒಡೆಯಬಾರದು, ಎರಡೂ ಪಕ್ಕದ ಆಫ್ರಿಕಾದ ಕಾಲಾಳುಗಳು ಮುಂಚೆಯೇ ನುಗ್ಗಬಾರದು. ರೋಮನ್ನರ ಕಡೆಯಿಂದ ಆಡುವಾಗ ನಿಮ್ಮ ಕಾಲಾಳುಗಳ ಸಂಖ್ಯೆ ನೋಡಿ ಮುಂದೆ ನುಗ್ಗಲು ಕೈ ತುರಿಸುತ್ತದೆ. ತಡೆದುಕೊಳ್ಳಿ. ಮೊದಲ ಸರದಿಯಲ್ಲೇ ಎರಡೂ ತುದಿಯ ಕುದುರೆಪಡೆಗೆ ಬೆಂಬಲ ಕಳಿಸಿ, ಅವು ಎಷ್ಟು ಸರದಿ ನಿಲ್ಲುತ್ತವೆ ಎಂದು ಎಣಿಸಿ.